ಕ್ಯಾಮರಾ ಬರುವ ಮೊದಲೇ ಮನೆಯಲ್ಲಿ ಮಾತಾಗಲಿ

ಕಳೆದ ತಿಂಗಳು ಒಂದು ರಾತ್ರಿ ಇಶಾ ನಮಾಝ್ ಮುಗಿಸಿ ಮದ್ರಸದ ಬಾಗಿಲು ಹಾಕುತ್ತಿದ್ದಾಗ ಪಾಂಡವಪುರ ಕಡೆಯ ನಮ್ಮವರೊಬ್ಬರು ಬಂದು ನಿಂತರು. ಇಪ್ಪತ್ತು ವರ್ಷದ ಹಿಂದೆ ಬಂಟ್ವಾಳದಿಂದ ಬಂದು ಇಲ್ಲಿ ಬೇಕರಿ ಇಟ್ಟವರು. ದೊಡ್ಡ ಮಗಳ ಮದುವೆ ಆಗಿ ಎರಡು ವಾರವೂ ಆಗಿರಲಿಲ್ಲ. ಮುಖದಲ್ಲಿ ಮದುವೆ ಮುಗಿಸಿದ ತಂದೆಯ ಸಮಾಧಾನ ಕಾಣಲಿಲ್ಲ.

"ಉಸ್ತಾದ್ರೇ, ಎಂತ ಮಾಡುವುದು ಈಗ? ಅಂಗಡಿಗೆ ಟೀ ಕುಡಿಯಲು ಬಂದ ಹುಡುಗರ ಮೊಬೈಲ್‌ನಲ್ಲಿ ನನ್ನ ಮಗಳ ಮದುವೆ ವಿಡಿಯೋ ಓಡ್ತಾ ಇತ್ತು" ಎಂದರು.

ಫೋಟೋ ತೆಗೆದ ಸ್ಟುಡಿಯೋದವರು ಮದುಮಗಳ ಕೋಣೆಯಲ್ಲಿ ತೆಗೆದ ದೃಶ್ಯಗಳಿಗೆ ಸಿನಿಮಾ ಹಾಡು ಸೇರಿಸಿ ತಮ್ಮ ಇನ್‌ಸ್ಟಾಗ್ರಾಮ್ ಪುಟಕ್ಕೆ ಹಾಕಿದ್ದರು. ಕೆಳಗೆ ತಮ್ಮ ಫೋನ್ ನಂಬರು. ಅಂದರೆ ಆ ಮಗಳ ಮುಖ ಅವರ ಅಂಗಡಿಯ ಬೋರ್ಡ್ ಆಗಿತ್ತು. ಇವರು ಹೋಗಿ ಕೇಳಿದಾಗ ಬಂದ ಉತ್ತರ ಇಷ್ಟೇ: "ಎಲ್ಲರ ಮದುವೆದೂ ಹಾಕ್ತೀವಿ ಅಣ್ಣಾ. ಬ್ಯಾಡ ಅಂದ್ರೆ ಮೊದಲೇ ಹೇಳ್ಬೇಕಿತ್ತು."

ಈ ಉತ್ತರ ಕೇಳಿ ನನಗೂ ಸಿಟ್ಟು ಬಂತು. ಆದರೆ ಮಲಗುವ ಹೊತ್ತಿಗೆ ಇನ್ನೊಂದು ಯೋಚನೆ ಬಂತು. ಆ ಹುಡುಗ ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ "ಮೊದಲೇ ಹೇಳ್ಬೇಕಿತ್ತು" ಎಂಬ ಮಾತಿನಲ್ಲಿ ನಮ್ಮ ಪಾಲಿನ ತಪ್ಪೂ ಇದೆ. ಬಿರಿಯಾನಿಗೆ ಅಕ್ಕಿ ಯಾವುದು, ಮಾಂಸ ಎಷ್ಟು, ಹಾಲ್‌ಗೆ ಅಡ್ವಾನ್ಸ್ ಯಾವಾಗ, ಕಾರ್ಡ್‌ನಲ್ಲಿ ಯಾರ ಹೆಸರು ಮೇಲೆ, ಇದನ್ನೆಲ್ಲ ನಾವು ತಿಂಗಳುಗಟ್ಟಲೆ ಕೂತು ಮಾತಾಡುತ್ತೇವೆ. ಫೋಟೋದವರ ವಿಷಯ ಬಂದಾಗ ಮಾತ್ರ, "ಅದು ಹುಡುಗರು ನೋಡಿಕೊಳ್ತಾರೆ ಬಿಡಿ" ಎಂದು ಮುಗಿಸುತ್ತೇವೆ. ಊಟ ಒಂದು ದಿನಕ್ಕೆ ಮುಗಿಯುತ್ತದೆ. ಫೋಟೋ ಮುಗಿಯುವುದಿಲ್ಲ. ಅದು ಮೊಮ್ಮಕ್ಕಳ ಕೈಗೂ ಹೋಗುತ್ತದೆ, ಪರಿಚಯವೇ ಇಲ್ಲದವರ ಕೈಗೂ ಹೋಗುತ್ತದೆ. ಯಾರ ಕೈಗೆ ಹೋಗಬೇಕು ಎಂಬುದನ್ನು ಮದುವೆಗೆ ಮೊದಲೇ ತೀರ್ಮಾನಿಸಬೇಕು, ಮದುವೆ ಆದ ಮೇಲಲ್ಲ. ಈ ವಾರ ಹೇಳಬೇಕಾಗಿರುವುದು ಇದನ್ನೇ.

ಫೋಟೋ ಬೇಡವೇ ಬೇಡ ಎನ್ನುವ ಕುಟುಂಬಗಳೂ ನಮ್ಮಲ್ಲಿವೆ. ಉಲಮಾಗಳಲ್ಲಿ ಈ ವಿಷಯದಲ್ಲಿ ಅಭಿಪ್ರಾಯ ಭೇದ ಇರುವುದು ಇವತ್ತಿನದ್ದಲ್ಲ. ಕ್ಯಾಮರಾದ ಚಿತ್ರ ಹೊಸ ಸೃಷ್ಟಿಯಲ್ಲ, ನೆರಳನ್ನು ಹಿಡಿದಿಡುವುದಷ್ಟೇ ಎಂದು ಈಜಿಪ್ಟಿನ ಮುಫ್ತಿ ಶೇಖ್ ಮುಹಮ್ಮದ್ ಬಖೀತ್ ಅಲ್ ಮುತೀಈ ಕಳೆದ ಶತಮಾನದ ಆರಂಭದಲ್ಲೇ ಬರೆದರು. ಅದನ್ನು ಒಪ್ಪದ ವಿದ್ವಾಂಸರೂ ಬಹಳ ಮಂದಿ. ಆ ಚರ್ಚೆಯನ್ನು ಇಲ್ಲಿ ಬಿಚ್ಚುವುದಿಲ್ಲ. ಬೇಡ ಎನ್ನುವವರ ನಿಲುವಿಗೆ ಗೌರವ ಇರಲಿ. ಆದರೆ ನಿಜ ಹೇಳಬೇಕೆಂದರೆ ಇವತ್ತು ಶ್ರೀರಂಗಪಟ್ಟಣವಾಗಲಿ ನಾಗಮಂಗಲವಾಗಲಿ, ಕ್ಯಾಮರಾ ಇಲ್ಲದ ಮದುವೆ ಅಪರೂಪ. ಹೇಗಿದ್ದರೂ ಬರುತ್ತದೆ ಎಂದಾದರೆ, ಅದು ನಾವು ಹೇಳಿದ ಹಾಗೆ ಬರಲಿ.

ಮೊದಲು ಕೇಳಬೇಕಾದದ್ದು ಮದುಮಗಳನ್ನು

ನಿಕಾಹ್‌ಗೆ ಹೆಣ್ಣುಮಗಳ ಒಪ್ಪಿಗೆ ಕೇಳುತ್ತೇವೆ. ಅವಳ ಮಹ್ರ್ ಅವಳದ್ದೇ ಎನ್ನುತ್ತೇವೆ. ಹಾಗಿರುವಾಗ ಅವಳ ಮುಖದ ಚಿತ್ರ ಎಲ್ಲಿಗೆ ಹೋಗಬೇಕು ಎಂದು ಅವಳನ್ನು ಕೇಳದೆ ಅಣ್ಣಂದಿರು, ಮಾಮಂದಿರು, ಗಂಡಿನ ಕಡೆಯ ಗೆಳೆಯರು ತೀರ್ಮಾನಿಸುವುದು ಯಾವ ನ್ಯಾಯ? ಕೆಲವು ಮಕ್ಕಳಿಗೆ ಫೋಟೋ ಬೇಕು, ಮನೆಯವರ ಮುಂದೆ ಬಾಯಿಬಿಡುವುದಿಲ್ಲ. ಕೆಲವರಿಗೆ ಬೇಡ, ಅದನ್ನೂ ಹೇಳುವುದಿಲ್ಲ. ಉಮ್ಮ ಒಂದು ಸಂಜೆ ಮಗಳ ಪಕ್ಕ ಕೂತು ಕೇಳಿದರೆ ಸಾಕು: ನಿನ್ನ ಕೋಣೆಗೆ ಯಾರು ಬರಬಹುದು? ಮುಖ ಕಾಣುವ ಫೋಟೋ ಯಾರು ನೋಡಬಹುದು? ಸ್ಟೇಟಸ್‌ಗೆ ಹಾಕಬಹುದೋ ಬೇಡವೋ? ಅವಳು ಹೇಳಿದ್ದನ್ನು ಗಂಡಿನ ಮನೆಯವರಿಗೂ ತಿಳಿಸಿ. ನಿಶ್ಚಯದ ದಿನ ಹತ್ತು ಮಾತಿನ ನಡುವೆ ಇದೂ ಒಂದು ಮಾತಾಗಲಿ. ಆಮೇಲೆ ಹೇಳಿದರೆ ಮುನಿಸು, ಮೊದಲೇ ಹೇಳಿದರೆ ಅದು ಮಾತುಕತೆ.

ಹೆಂಗಸರ ಕಡೆ ಕ್ಯಾಮರಾ ಹಿಡಿಯುವವರು ಹೆಂಗಸರೇ ಆಗಿರಬೇಕು ಎಂದು ಬಯಸುವವರು ಇನ್ನೂ ಬೇಗ ಹುಡುಕಲು ಶುರು ಮಾಡಬೇಕು. ನಮ್ಮ ನಾಲ್ಕು ತಾಲೂಕುಗಳಲ್ಲಿ ಈ ಕೆಲಸ ಮಾಡುವ ಹೆಣ್ಣುಮಕ್ಕಳು ಸುಲಭಕ್ಕೆ ಸಿಗುವುದಿಲ್ಲ. ಮೈಸೂರು, ಬೆಂಗಳೂರು, ಮಂಗಳೂರು ಕಡೆಯಿಂದ ಕರೆಸಬೇಕಾಗುತ್ತದೆ. ಸಿಗದಿದ್ದರೆ ಕುಟುಂಬದಲ್ಲೇ ಕೈ ಪಳಗಿದ ಒಬ್ಬಳು ಹುಡುಗಿಗೆ ಜವಾಬ್ದಾರಿ ಕೊಡಿ. ಅವಳಿಗೆ ಅವತ್ತು ಬೇರೆ ಕೆಲಸ ಹೇಳಬೇಡಿ. ಬಡಿಸಲು, ಮಗು ಹಿಡಿಯಲು ಕಳಿಸಿ, ಕೊನೆಗೆ "ಫೋಟೋ ಎಲ್ಲಿ?" ಎಂದು ಬೈದರೆ ಅವಳೇನು ಮಾಡಬೇಕು?

ಸ್ಟುಡಿಯೋದವರಷ್ಟೇ ಅಲ್ಲ, ನಮ್ಮ ಅತಿಥಿಗಳ ಕೈಯಲ್ಲೂ ಒಂದೊಂದು ಕ್ಯಾಮರಾ ಇದೆ. ಮದರಂಗಿ ರಾತ್ರಿ ಮಕ್ಕಳು ತೆಗೆದ ವಿಡಿಯೋ ಬೆಳಗಾಗುವುದರೊಳಗೆ ದುಬೈ, ದಮ್ಮಾಮ್ ತಲುಪಿರುತ್ತದೆ. "ಮಹಿಳೆಯರ ವಿಭಾಗದಲ್ಲಿ ದಯವಿಟ್ಟು ಮೊಬೈಲ್‌ನಲ್ಲಿ ಫೋಟೋ ತೆಗೆಯಬೇಡಿ" ಎಂದು ಕಾರ್ಡ್‌ನಲ್ಲೇ ಒಂದು ಸಾಲು ಹಾಕಿಸಿ. ಬಾಗಿಲಲ್ಲಿ ಮನೆಯ ಹಿರಿಯ ಹೆಂಗಸೊಬ್ಬರು ನಗುತ್ತಾ ನೆನಪಿಸಲಿ. ಕಾರ್ಡ್‌ನಲ್ಲಿ ಬರೆದದ್ದನ್ನು ಹೇಳಲು ಯಾರಿಗೂ ಸಂಕೋಚ ಆಗುವುದಿಲ್ಲ.

ದಿನಾಂಕ, ಚಂದ್ರ ಮತ್ತು ರಸ್ತೆ

ನಮ್ಮಲ್ಲಿ ಮದುವೆಗಳು ಒಟ್ಟಿಗೆ ಬರುತ್ತವೆ. ರಂಝಾನ್ ಮುಗಿದು ಶವ್ವಾಲ್, ಬಕ್ರೀದ್ ಕಳೆದ ಮೇಲಿನ ದಿನಗಳು, ಗಲ್ಫ್‌ನಿಂದ ಹುಡುಗರು ರಜೆಗೆ ಬರುವ ಸಮಯ, ಶಾಲೆಗೆ ರಜೆ ಇರುವ ಏಪ್ರಿಲ್ ಮತ್ತು ಮೇ. ಅದೇ ಏಪ್ರಿಲ್, ಮೇಯಲ್ಲಿ ನಮ್ಮ ಹಿಂದೂ ಬಂಧುಗಳ ಲಗ್ನಗಳೂ ಜೋರು. ಕೆ.ಆರ್. ಪೇಟೆಯಲ್ಲಾಗಲಿ ಪಾಂಡವಪುರದಲ್ಲಾಗಲಿ ಫೋಟೋದವರು ಎಲ್ಲರಿಗೂ ಅವರೇ. ಒಳ್ಳೆಯ ಮುಹೂರ್ತದ ಭಾನುವಾರ ಅವರು ಸಿಗುವುದಿಲ್ಲ. ಸಿಕ್ಕಿದರೂ ಕಲಿಯಲು ಬಂದ ಹುಡುಗನನ್ನು ಕಳಿಸುತ್ತಾರೆ. ಹಾಲ್ ಗೊತ್ತಾದ ದಿನವೇ ಫೋಟೋದವರನ್ನೂ ಗೊತ್ತು ಮಾಡುವುದು ಕ್ಷೇಮ.

ಇನ್ನೊಂದು ಲೆಕ್ಕವೂ ಇದೆ. ಮಂಡ್ಯ, ಮೈಸೂರು ಸೀಮೆಯಲ್ಲಿ ಆಷಾಢ ಮಾಸದಲ್ಲಿ ಹಿಂದೂ ಮದುವೆಗಳು ನಡೆಯುವುದಿಲ್ಲ. ಆಗ ಕಲ್ಯಾಣ ಮಂಟಪವೂ ಖಾಲಿ, ಫೋಟೋದವರೂ ಖಾಲಿ. ನಮಗೆ ಆಷಾಢದ ತಡೆ ಇಲ್ಲ. ಮಳೆಯ ಚಿಂತೆ ಇಲ್ಲದ ಹಾಲ್ ಸಿಕ್ಕಿದರೆ ಆ ತಿಂಗಳಲ್ಲಿ ಒಳ್ಳೆಯ ಕೆಲಸಗಾರರು ಬಿಡುವಾಗಿ ಸಿಗುತ್ತಾರೆ, ಹಣದ ಮಾತೂ ಸ್ವಲ್ಪ ಸಡಿಲ ಇರುತ್ತದೆ.

ಹಿಜರಿ ವರ್ಷ ಇಂಗ್ಲಿಷ್ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಹೋದ ಸಲ ಬೇಸಿಗೆಯಲ್ಲಿ ಬಂದ ತಿಂಗಳು ಕೆಲವು ವರ್ಷ ಕಳೆದರೆ ಚಳಿಗಾಲಕ್ಕೆ ಸರಿದಿರುತ್ತದೆ. ಕೆಲವರು "ಪೆರ್ನಾಳ್ ಆಗಿ ನಾಲ್ಕನೇ ದಿನ" ಎಂದು ಮದುವೆ ನಿಶ್ಚಯಿಸುತ್ತಾರೆ. ಚಂದ್ರದರ್ಶನದಲ್ಲಿ ಒಂದು ದಿನ ಆಚೀಚೆ ಆದರೆ ನಮಗೆ ಅರ್ಥ ಆಗುತ್ತದೆ, ಫೋಟೋದವರಿಗೆ ಆಗುವುದಿಲ್ಲ. ಅವರಿಗೆ ಇಂಗ್ಲಿಷ್ ತಾರೀಖು ಹೇಳಿ. ಚಂದ್ರನಿಂದಾಗಿ ದಿನ ಬದಲಾಗಬಹುದಾದರೆ ಅದನ್ನೂ ಬುಕ್ ಮಾಡುವಾಗಲೇ ಹೇಳಿ.

ನಮ್ಮ ಕುಟುಂಬಗಳಿಗೆ ಮಾತ್ರ ಇರುವ ಒಂದು ತೊಂದರೆ ಎಂದರೆ ಮದುವೆ ಒಂದು ಕಡೆ, ವಲೀಮಾ ಇನ್ನೊಂದು ಕಡೆ. ಹುಡುಗಿ ಪುತ್ತೂರಿನವಳು, ಹುಡುಗನ ಮನೆ ನಾಗಮಂಗಲ. ಇಲ್ಲಿಯ ಫೋಟೋದವರಿಗೆ ನಮ್ಮ ಕ್ರಮ ಗೊತ್ತಿಲ್ಲ, ಅಲ್ಲಿಯವರಿಗೆ ಇಲ್ಲಿಯ ಊರು ಗೊತ್ತಿಲ್ಲ. ಇಲ್ಲಿಂದ ಕರೆದುಕೊಂಡು ಹೋದರೆ ಘಟ್ಟ ಇಳಿಯಬೇಕು. ಬೆಳ್ಳೂರು ಕ್ರಾಸ್ ಮೇಲೆ ಹೋಗುವ ರಾಷ್ಟ್ರೀಯ ಹೆದ್ದಾರಿ 75 ಹಾಸನ ದಾಟಿ ಶಿರಾಡಿಯಲ್ಲಿ ಇಳಿಯುತ್ತದೆ. ಶ್ರೀರಂಗಪಟ್ಟಣದ ಮೇಲೆ ಹೋಗುವ 275 ಮೈಸೂರು, ಮಡಿಕೇರಿ ದಾಟಿ ಸಂಪಾಜೆಯಲ್ಲಿ ಇಳಿದು ಬಂಟ್ವಾಳ ಸೇರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಆ ದಾರಿ ಮುಚ್ಚಿದ್ದು ನೆನಪಿರಬೇಕು. ಶಿರಾಡಿಯಲ್ಲೂ ಮಳೆಗಾಲದಲ್ಲಿ ಮಣ್ಣು ಜರಿಯುವುದು ಹೊಸತಲ್ಲ. ಬೆಳಗ್ಗೆ ಹನ್ನೊಂದಕ್ಕೆ ನಿಕಾಹ್ ಎಂದರೆ ಫೋಟೋದವರು ಹಿಂದಿನ ಸಂಜೆಯೇ ಘಟ್ಟ ಇಳಿದಿರಬೇಕು. ಅವರಿಗೆ ಮಲಗಲು ಜಾಗ, ಬೆಳಗಿನ ತಿಂಡಿ ಯಾರ ಹೊಣೆ ಎಂಬುದು ಮೊದಲೇ ಗೊತ್ತಿರಲಿ. ರಾತ್ರಿಯಿಡೀ ನಿದ್ದೆ ಬಿಟ್ಟು ಕಾರು ಓಡಿಸಿ ಬಂದವರಿಂದ ಒಳ್ಳೆಯ ಕೆಲಸ ನಿರೀಕ್ಷಿಸಬಾರದು, ಅವರ ಜೀವಕ್ಕೂ ಅದು ಒಳ್ಳೆಯದಲ್ಲ.

ಬಾಯಿಮಾತು ಸಾಲದು

ಸಾಲದ ವ್ಯವಹಾರ ಮಾಡುವಾಗ ಬರೆದಿಡಿ ಎಂದು ಕುರ್‌ಆನ್ ಹೇಳಿದೆ. ವ್ಯವಹಾರ ಬರೆದಿಡುವುದು ಅಪನಂಬಿಕೆ ಅಲ್ಲ, ಇಬ್ಬರಿಗೂ ರಕ್ಷಣೆ. ಫೋಟೋದವರ ಜೊತೆಗೂ ಒಂದು ಹಾಳೆ ಬರೆದುಕೊಳ್ಳಿ. ವಕೀಲರು ಬೇಡ, ಕನ್ನಡದಲ್ಲಿ ಒಂದು ಪುಟ ಸಾಕು. ಎಷ್ಟು ಜನ ಬರುತ್ತಾರೆ, ಯಾರು ಬರುತ್ತಾರೆ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಅಡ್ವಾನ್ಸ್ ಎಷ್ಟು, ಬಾಕಿ ಯಾವಾಗ, ಆಲ್ಬಮ್‌ಗೆ ಎಷ್ಟು ಹಾಳೆ, ಕೈಗೆ ಸಿಗುವುದು ಯಾವ ತಾರೀಖಿಗೆ. ಅವರಿಗೆ ಹುಷಾರಿಲ್ಲದಿದ್ದರೆ ಬದಲಿ ಯಾರು. ಮದುವೆ ಮುಂದಕ್ಕೆ ಹೋದರೆ ಅಡ್ವಾನ್ಸ್ ಏನಾಗುತ್ತದೆ. ಮನೆಯಲ್ಲಿ ಸಾವು ನೋವು ಹೇಳಿ ಬರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಈ ಸಾಲು: ನಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಯಾವ ಫೋಟೋ, ವಿಡಿಯೋವನ್ನೂ ಇನ್‌ಸ್ಟಾಗ್ರಾಮ್, ಯೂಟ್ಯೂಬ್, ವಾಟ್ಸ್‌ಆ್ಯಪ್, ಅಂಗಡಿಯ ಗೋಡೆ, ಬೇರೆ ಗಿರಾಕಿಗೆ ತೋರಿಸುವ ಸ್ಯಾಂಪಲ್ ಆಲ್ಬಮ್, ಎಲ್ಲೂ ಬಳಸುವಂತಿಲ್ಲ. ಎಡಿಟಿಂಗ್ ಹೊರಗೆ ಕೊಡುವುದಾದರೆ ಅವರೂ ಬಳಸುವಂತಿಲ್ಲ.

ಇದು ನಾವು ಬೇಡಿಕೊಳ್ಳುವ ಉಪಕಾರ ಅಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ಹಣ ಕೊಟ್ಟು ಒಬ್ಬರು ತೆಗೆಸಿದ ಫೋಟೋದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದೇ. ತೆಗೆದವರದ್ದಲ್ಲ. ನಮ್ಮವರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿಲ್ಲ. ಸ್ಟುಡಿಯೋದವರಿಗೂ ಗೊತ್ತಿಲ್ಲದೇ ಇರಬಹುದು. ಆದರೆ "ಬೇರೆ ಒಪ್ಪಂದ ಇಲ್ಲದಿದ್ದರೆ" ಎಂಬ ಮಾತನ್ನು ಗಮನಿಸಿ. ಅವರು ಅಚ್ಚು ಹಾಕಿಸಿಟ್ಟ ಬಿಲ್ಲಿನ ಹಿಂದೆ ಸಣ್ಣ ಅಕ್ಷರದಲ್ಲಿ ಹಕ್ಕು ತಮ್ಮದು ಎಂದು ಬರೆದಿದ್ದು, ನೀವು ಓದದೆ ಸಹಿ ಹಾಕಿದರೆ ಮಾತು ಬದಲಾಗುತ್ತದೆ. ಓದಿ ಸಹಿ ಹಾಕಿ. ಓದಲು ಬಾರದಿದ್ದರೆ ಕಾಲೇಜಿಗೆ ಹೋಗುವ ಮಗಳಿಂದ ಓದಿಸಿ.

ಹಣ ತೆಗೆದುಕೊಂಡು ಬಾರದೇ ಇದ್ದರೆ, ವರ್ಷ ಕಳೆದರೂ ಆಲ್ಬಮ್ ಕೊಡದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವೂ ಇಲ್ಲ. 1915 ನಂಬರಿನ ಗ್ರಾಹಕ ಸಹಾಯವಾಣಿಯಲ್ಲಿ ದಾರಿ ಕೇಳಬಹುದು. ಹೆಣ್ಣುಮಕ್ಕಳ ಚಿತ್ರವನ್ನು ಕೆಟ್ಟದಾಗಿ ಬಳಸಿದರೆ ಸೈಬರ್ ಅಪರಾಧದ ಸಹಾಯವಾಣಿ 1930 ಇದೆ, ಹತ್ತಿರದ ಪೊಲೀಸ್ ಠಾಣೆಯೂ ಇದೆ. ಮರ್ಯಾದೆ ಹೋಗುತ್ತದೆ ಎಂದು ಸುಮ್ಮನಿರಬೇಡಿ. ತಪ್ಪು ಮಾಡಿದವರ ಮರ್ಯಾದೆ ಹೋಗಬೇಕು, ನಮ್ಮ ಮಗಳದ್ದಲ್ಲ. ಆದರೆ ದೂರಿನವರೆಗೆ ಹೋಗದ ಹಾಗೆ ನೋಡಿಕೊಳ್ಳುವುದು ಆ ಒಂದು ಹಾಳೆ.

ಒಂದು ಮಾತು ಫೋಟೋದವರ ಪರವಾಗಿಯೂ ಹೇಳಬೇಕು. ಹೇಳಿದ ಹಣ ಹೇಳಿದ ದಿನ ಕೊಡದೆ ಓಡಾಡಿಸುವವರು ನಮ್ಮಲ್ಲೂ ಇದ್ದಾರೆ. ಬೆಳಗ್ಗೆಯಿಂದ ನಿಂತು ಕೆಲಸ ಮಾಡಿದವರನ್ನು ಕೊನೆಯ ಪಂಕ್ತಿಗೂ ಕರೆಯದೆ ಕಳಿಸಿದವರಿದ್ದಾರೆ. ಕೂಲಿಯವನ ಬೆವರು ಆರುವ ಮೊದಲು ಕೂಲಿ ಕೊಡಿ ಎಂದು ಮಕ್ಕಳಿಗೆ ಪಾಠ ಮಾಡುವ ನಾವು ಅದನ್ನು ಮದುವೆ ಹಾಲ್‌ನಲ್ಲಿ ಮರೆಯಬಾರದು.

ನಿಕಾಹ್ ಇನ್ನೊಮ್ಮೆ ಆಗುವುದಿಲ್ಲ

ಕೆ.ಆರ್. ಪೇಟೆ ಕಡೆಯ ಒಂದು ನಿಕಾಹ್‌ನಲ್ಲಿ ನಾನು ಕೂತಿದ್ದೆ. ವಲಿ ಮದುಮಗನ ಕೈ ಹಿಡಿದು ನಿಕಾಹ್‌ನ ಮಾತು ಹೇಳಿದರು, ಮದುಮಗ ಸ್ವೀಕರಿಸಿದ. ಸಾಕ್ಷಿಗಳು ಕೇಳಿದರು. ದುಆ ಶುರುವಾಗಬೇಕು, ಅಷ್ಟರಲ್ಲಿ ಕ್ಯಾಮರಾದ ಹುಡುಗ, "ಸರ್, ಲೈಟ್ ಆನ್ ಆಗಿರ್ಲಿಲ್ಲ, ಇನ್ನೊಂದ್ಸಲ ಕೈ ಹಿಡ್ಕೊಂಡು ಹೇಳಿ" ಎಂದ. ಸಭೆ ನಕ್ಕಿತು. ನನಗೆ ನಗು ಬರಲಿಲ್ಲ. ಆ ತಂದೆ ಕಣ್ಣೊರೆಸಿಕೊಳ್ಳುತ್ತಿದ್ದರು. ನಿಕಾಹ್ ಒಂದು ಕರಾರು, ಒಂದು ಸಲ ಆದದ್ದು ಆಯಿತು. ಅದನ್ನು ಕ್ಯಾಮರಾಕ್ಕಾಗಿ ನಾಟಕದ ಹಾಗೆ ಮತ್ತೆ ಆಡುವುದಲ್ಲ.

ತಪ್ಪು ಆ ಹುಡುಗನದ್ದು ಮಾತ್ರ ಅಲ್ಲ. ನಿಕಾಹ್ ಎಂದರೆ ಏನು, ಯಾವ ಕ್ಷಣ ಮುಖ್ಯ, ಎಲ್ಲಿ ನಿಲ್ಲಬೇಕು, ಎಲ್ಲಿ ಅಡ್ಡ ಬರಬಾರದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ತಾಳಿ ಕಟ್ಟುವ ಕ್ಷಣ ಅವನಿಗೆ ಗೊತ್ತು, ನಮ್ಮದು ಗೊತ್ತಿಲ್ಲ. ಹಿಂದಿನ ದಿನ ಹತ್ತು ನಿಮಿಷ ಕೂರಿಸಿ ಹೇಳಿದರೆ ಅವನು ಕಲಿಯುತ್ತಾನೆ. ಮಸೀದಿಯೊಳಗೆ ನಿಕಾಹ್ ಆದರೆ ಕ್ಯಾಮರಾ ಒಳಗೆ ಬರಬಹುದೇ ಎಂದು ಜಮಾಅತ್ ಅಧ್ಯಕ್ಷರನ್ನೂ ಖತೀಬರನ್ನೂ ಕೇಳಿಕೊಳ್ಳಿ. ಒಂದೊಂದು ಮಸೀದಿಯ ನಿಯಮ ಒಂದೊಂದು ಥರ. ಹೊಸಿಲಲ್ಲಿ ನಿಂತು ಜಗಳ ಮಾಡುವ ವಿಷಯ ಅಲ್ಲ ಅದು. ಝುಹರ್ ಬಾಂಗ್ ಆದ ಮೇಲೂ ವೇದಿಕೆಯಲ್ಲಿ ಫೋಟೋ ನಡೆಯುತ್ತಿದ್ದು, ಮದುಮಗನ ನಮಾಝ್ ತಪ್ಪುವುದನ್ನು ಎಷ್ಟು ಮದುವೆಗಳಲ್ಲಿ ನೋಡಿದ್ದೇವೆ! ನಮಾಝ್ ಸಮಯ ಬರೆದ ಚೀಟಿ ಫೋಟೋದವರ ಜೇಬಿನಲ್ಲೂ ಇರಲಿ.

ಯಾರ ಯಾರ ಫೋಟೋ ಬೇಕೇ ಬೇಕು ಎಂಬ ಪಟ್ಟಿಯೊಂದನ್ನೂ ಮಾಡಿ. ಇದು ಕಲಿತ ಪಾಠ. ನನ್ನ ತಂಗಿಯ ಮದುವೆ ಆದದ್ದು ರೀಲ್ ಕ್ಯಾಮರಾದ ಕಾಲದಲ್ಲಿ. ಒಂದು ರೀಲ್‌ಗೆ 36 ಫೋಟೋ. ನಾವು ತರಿಸಿದ್ದು ಎರಡು ರೀಲ್. ಗಂಡಿನ ಕಡೆಯವರು, ಊರಿನ ದೊಡ್ಡವರು, ದೂರದಿಂದ ಬಂದವರು ಎಲ್ಲರೂ ಬಂದು ನಿಂತರು. ಉಪ್ಪ ಬೆಳಗ್ಗೆಯಿಂದ ಅಡುಗೆಯ ಚಪ್ಪರದಲ್ಲಿ ದೇಗಚಿಗಳ ಪಕ್ಕ ನಿಂತಿದ್ದರು, ಅನ್ನ ಕಡಿಮೆ ಆಗಬಾರದು ಎಂಬ ಒಂದೇ ಚಿಂತೆಯಲ್ಲಿ. ಅವರನ್ನು ಕರೆಯಬೇಕು ಎಂದು ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಎರಡು ವರ್ಷ ಕಳೆದು ಉಪ್ಪ ತೀರಿಹೋದರು. ಇವತ್ತು ನಮ್ಮ ಮನೆಯಲ್ಲಿರುವ ಅವರ ಚಿತ್ರ ಎಂದರೆ ರೇಷನ್ ಕಾರ್ಡಿನದ್ದು, ಅದೂ ಅರ್ಧ ಮಾಸಿದ್ದು. ಮದುವೆಯ ಆಲ್ಬಮ್ ತೆಗೆದಾಗಲೆಲ್ಲ ತಂಗಿ ಕೇಳುವುದು ಒಂದೇ ಮಾತು, "ಉಪ್ಪ ಯಾಕೆ ಒಂದರಲ್ಲೂ ಇಲ್ಲ?"

ಈಗ ಒಂದು ಮದುವೆಗೆ ಸಾವಿರಾರು ಫೋಟೋ ತೆಗೆಯುತ್ತಾರೆ. ಆದರೂ ಇದೇ ಆಗುತ್ತದೆ. ಮದುಮಗನ ಶೂ, ವಾಚು, ಕಾರಿನ ಹೂವು ಹತ್ತು ಹತ್ತು ಸಲ. ವೀಲ್‌ಚೇರ್‌ನಲ್ಲಿ ಕೂತ ಅಜ್ಜಿ ಒಂದರಲ್ಲೂ ಇಲ್ಲ. ಹಾಗಾಗಿ ಪಟ್ಟಿಯಲ್ಲಿ ಮೊದಲು ಹಿರಿಯರು. ಅವರು ದಣಿಯುವ ಮೊದಲು, ಬೆಳಗ್ಗೆಯೇ, ಫೋಟೋ ಒಪ್ಪುವವರದ್ದನ್ನು ತೆಗೆಸಿ. ಆಮೇಲೆ ತಂದೆ ತಾಯಿ, ಒಡಹುಟ್ಟಿದವರು. ನಿಕಾಹ್ ಆದ ಕೂಡಲೇ, ಊಟಕ್ಕೆ ಕೂರುವ ಮೊದಲು, ಅರ್ಧ ಗಂಟೆ ಇದಕ್ಕೆಂದೇ ಇಟ್ಟರೆ ಸಾಕು. ಅಡುಗೆಯವರು, ಚಪ್ಪರದವರು, ಬೆಳಗ್ಗೆಯಿಂದ ಓಡಾಡಿದ ಅಕ್ಕಪಕ್ಕದ ಮನೆಯವರು ಇವರದ್ದೂ ಒಂದು ಇರಲಿ. ಅವರನ್ನೆಲ್ಲ ಗುರುತಿಸಿ ಕರೆತರಲು ಎರಡೂ ಕಡೆಯಿಂದ ಒಬ್ಬೊಬ್ಬರನ್ನು ನೇಮಿಸಿ. ನಿಮ್ಮ ಮಾಮ ಯಾರು, ಚಿಕ್ಕಪ್ಪ ಯಾರು ಎಂದು ಫೋಟೋದವರಿಗೆ ಹೇಗೆ ಗೊತ್ತಾಗಬೇಕು?

ಹೊಳೆ, ಕೋಟೆ, ಗುಂಬಜ್

ಶ್ರೀರಂಗಪಟ್ಟಣ, ಪಾಂಡವಪುರ ಎಂದರೆ ಈಗ ಮದುವೆ ಫೋಟೋದವರ ಊರು. ಸಂಗಮ, ಬಲಮುರಿ, ತೊಣ್ಣೂರು ಕೆರೆ, ಕುಂತಿಬೆಟ್ಟ, ಮೇಲುಕೋಟೆ, ಕೆಆರ್‌ಎಸ್ ಹಿನ್ನೀರು, ಎಲ್ಲಿ ಹೋದರೂ ಬಣ್ಣದ ಬಟ್ಟೆಯ ಜೋಡಿಗಳು ಕಾಣುತ್ತಾರೆ. ಮದುವೆಗೆ ಮೊದಲೇ ಹೋಗಿ ಫೋಟೋ ತೆಗೆಸುವ ಪದ್ಧತಿ ನಮ್ಮ ಹುಡುಗರಿಗೂ ಬಂದಿದೆ. ನಿಶ್ಚಯ ಆಗಿದೆ ಎಂದರೆ ನಿಕಾಹ್ ಆಗಿದೆ ಎಂದಲ್ಲ. ಅದುವರೆಗೆ ಅವರಿಬ್ಬರೂ ಪರಸ್ಪರ ಅನ್ಯರೇ. ಮಕ್ಕಳಿಗೆ ಇದನ್ನು ಗದರಿಸಿ ಹೇಳುವುದಕ್ಕಿಂತ ದಾರಿ ತೋರಿಸಿ ಹೇಳಿ. ಆಸೆ ಇದ್ದರೆ ನಿಕಾಹ್ ಆದ ಮೇಲೆ ಒಂದು ಸಂಜೆ ಇಬ್ಬರೂ ಹೋಗಲಿ. ಅದೇ ಹೊಳೆ, ಅದೇ ಬೆಳಕು, ಎಲ್ಲಿಗೂ ಹೋಗುವುದಿಲ್ಲ.

ಹೋಗುವುದಾದರೆ ನೀರಿನಿಂದ ದೂರ ಇರಲಿ. 2020ರ ನವೆಂಬರ್‌ನಲ್ಲಿ ತಿ. ನರಸೀಪುರ ತಾಲೂಕಿನ ತಲಕಾಡು ಕಡೆ ಇದೇ ಕಾವೇರಿಯಲ್ಲಿ ಮೈಸೂರಿನ ಒಂದು ಜೋಡಿ ಮದುವೆಗೆ ಮುಂಚಿನ ಫೋಟೋ ತೆಗೆಸಲು ತೆಪ್ಪ ಹತ್ತಿ, ಅದು ಮಗುಚಿ ಇಬ್ಬರೂ ತೀರಿಹೋದರು. ಅದೇ ತಿಂಗಳು ಅವರ ಮದುವೆ ಇತ್ತು. ಎಡಮುರಿ, ಬಲಮುರಿಯಲ್ಲಿ ನೀರು ಮೇಲ್ನೋಟಕ್ಕೆ ಶಾಂತವಾಗಿ ಕಂಡರೂ ಕೆಳಗೆ ಸೆಳೆತ, ಬಂಡೆಯ ಮೇಲೆ ಪಾಚಿ. ಅಣೆಕಟ್ಟೆಯಿಂದ ನೀರು ಬಿಟ್ಟ ದಿನಗಳಲ್ಲಿ ಹೊಳೆ ನಾವು ನೋಡನೋಡುತ್ತಲೇ ಏರುತ್ತದೆ. ಉದ್ದ ಲಂಗ, ಹೀಲ್ಸ್ ಚಪ್ಪಲಿ ಹಾಕಿಕೊಂಡ ಹುಡುಗಿಯನ್ನು ಬಂಡೆಯ ತುದಿಯಲ್ಲಿ ನಿಲ್ಲಿಸಿ "ಇನ್ನು ಸ್ವಲ್ಪ ಹಿಂದೆ" ಎನ್ನುವವರ ಮಾತು ಕೇಳಬೇಡಿ. ಯಾವ ಫೋಟೋವೂ ಒಂದು ಜೀವಕ್ಕೆ ಸಮ ಅಲ್ಲ.

ದರಿಯಾ ದೌಲತ್ ಕೇಂದ್ರ ಪುರಾತತ್ವ ಇಲಾಖೆಯ ಸುಪರ್ದಿನಲ್ಲಿದೆ. ಅಲ್ಲಿ ಸ್ಟ್ಯಾಂಡ್, ಲೈಟ್ ಹಿಡಿದು ಶೂಟಿಂಗ್ ಮಾಡಲು ಮೊದಲೇ ಅನುಮತಿ ಬೇಕು. ಅಣೆಕಟ್ಟೆಯಂಥ ಕಡೆ ಡ್ರೋನ್ ಹಾರಿಸಿದರೆ ಪೊಲೀಸರು ಬರುತ್ತಾರೆ. ಗುಂಬಜ್ ಬಗ್ಗೆ ವಿಶೇಷವಾಗಿ ಒಂದು ಮಾತು. ಅದು ಹೈದರ್ ಅಲಿ, ಫಕ್ರುನ್ನಿಸಾ ಮತ್ತು ಟಿಪ್ಪು ಸುಲ್ತಾನ್ ಮಲಗಿರುವ ಕಬರಸ್ತಾನ. ಸಲಾಂ ಹೇಳಿ ದುಆ ಮಾಡಬೇಕಾದ ಜಾಗ, ಕೈ ಕೈ ಹಿಡಿದು ಪೋಸ್ ಕೊಡುವ ಜಾಗ ಅಲ್ಲ. ಮೇಲುಕೋಟೆ, ಹೊಸಹೊಳಲು, ನಾಗಮಂಗಲದ ದೇವಸ್ಥಾನಗಳೂ ಹಾಗೆಯೇ. ಅವರಿಗೆ ಅದು ಪೂಜೆಯ ಸ್ಥಳ. ನಮ್ಮ ಮಸೀದಿಯಲ್ಲಿ ನಾವು ಬಯಸುವ ಮರ್ಯಾದೆಯನ್ನೇ ಅಲ್ಲಿಯೂ ಕೊಡಬೇಕು.

ಹಣ ಯಾರದ್ದು?

ಇದು ಮಾತಾಡಲು ಕಷ್ಟದ ವಿಷಯ, ಆದರೂ ಮಾತಾಡಬೇಕು. ಗಂಡಿನ ಕಡೆಯವರು "ನಮಗೆ ಏನೂ ಬೇಡ" ಎನ್ನುತ್ತಾರೆ. ಆಮೇಲೆ ಹುಡುಗನ ಗೆಳೆಯರು ಫೋನ್ ಮಾಡುತ್ತಾರೆ: ಕ್ಯಾಂಡಿಡ್ ಇರಲಿ, ಡ್ರೋನ್ ಇರಲಿ, ಎಲ್‌ಇಡಿ ವಾಲ್ ಇರಲಿ, ಮಂಗಳೂರಿನ ಇಂಥವರೇ ಬರಲಿ. ಬಿಲ್ಲು ಮಾತ್ರ ಹೆಣ್ಣಿನ ತಂದೆಗೆ. ಬಾಯಲ್ಲಿ ಕೇಳದೆ ಪಡೆದರೂ ಭಾರ ಭಾರವೇ. 1961ರಿಂದ ವರದಕ್ಷಿಣೆ ನಿಷೇಧ ಕಾಯ್ದೆ ಇದೆ, ಅದಕ್ಕೂ ಎಷ್ಟೋ ಮೊದಲಿನಿಂದ ನಮ್ಮ ದೀನ್ ಇದೆ. ಮಹ್ರ್ ಕೊಡಬೇಕಾದವನು ಹುಡುಗ. ಫೋಟೋದ ಶೋಕಿ ಅವನದ್ದಾದರೆ ಖರ್ಚೂ ಅವನದ್ದೇ ಆಗಲಿ. ಹೆಣ್ಣಿನ ಮನೆಯವರ ಕಡೆಯ ಕ್ಯಾಮರಾಕ್ಕೆ ಅವರು ತಮ್ಮ ಶಕ್ತಿಯಷ್ಟು ಕೊಡಲಿ. ಈ ಮಾತು ನಿಶ್ಚಯದ ದಿನವೇ ಸ್ಪಷ್ಟವಾಗಲಿ. ಮಗಳ ಆಲ್ಬಮ್‌ಗೆ ಬಡ್ಡಿ ಸಾಲ ಮಾಡಿದ ತಂದೆಗೆ ಆ ಆಲ್ಬಮ್ ತೆರೆಯುವಾಗ ಏನು ಕಾಣುತ್ತದೆ ಎಂದು ಯೋಚಿಸಿ.

ಬಂದ ಮೇಲೆ ಕಾಪಾಡುವುದು

ಫೋಟೋ ಕೈಗೆ ಬಂದ ಮೇಲೆಯೂ ಕೆಲಸ ಇದೆ. ಎಲ್ಲವನ್ನೂ ಒಂದೇ ಪೆನ್‌ಡ್ರೈವ್‌ನಲ್ಲಿ ಇಟ್ಟರೆ ಅದು ಕೆಟ್ಟ ದಿನ ಎಲ್ಲವೂ ಹೋಯಿತು. ಎರಡು ಹಾರ್ಡ್‌ಡಿಸ್ಕ್‌ನಲ್ಲಿ, ಎರಡು ಮನೆಯಲ್ಲಿ ಇಡಿ. ಒಂದು ಹುಡುಗಿಯ ತಾಯಿಯ ಮನೆ, ಇನ್ನೊಂದು ಅವಳ ಮನೆ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಫೋಟೋ ಆಗಿ ಕಳಿಸಿದರೆ ಗುಣಮಟ್ಟ ಇಳಿಯುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದಂತೆಯೇ ಹೋಗುತ್ತದೆ. ಮುಖ್ಯವಾದ ಕೆಲವನ್ನು ಕಾಗದದಲ್ಲಿ ತೆಗೆಸಿ. ಫೋನ್ ಬದಲಾಗುತ್ತದೆ, ಪಾಸ್‌ವರ್ಡ್ ಮರೆಯುತ್ತದೆ, ಕಾಗದ ಪೆಟ್ಟಿಗೆಯಲ್ಲಿರುತ್ತದೆ. ನಮಗೆ ತಲುಪಿದ್ದು ಖಾತ್ರಿಯಾದ ಮೇಲೆ ಸ್ಟುಡಿಯೋದ ಕಂಪ್ಯೂಟರಿನಿಂದ ಅಳಿಸಬೇಕು ಎಂಬುದು ಕರಾರಿನಲ್ಲೇ ಇರಲಿ.

ಮದುಮಗ, ಮದುಮಗಳು ಒಟ್ಟಿಗಿರುವ, ಮುಖ ಸ್ಪಷ್ಟವಾಗಿ ಕಾಣುವ ಸಾದಾ ಫೋಟೋ ಒಂದನ್ನು ಬೇರೆಯಾಗಿಯೇ ತೆಗೆಸಿಡಿ. ಅದು ಶೋಕಿಗಲ್ಲ, ಕಾಗದಪತ್ರಕ್ಕೆ. ಜಿಲ್ಲಾ ವಕ್ಫ್ ಕಚೇರಿಯಿಂದ ಮದುವೆ ಪ್ರಮಾಣಪತ್ರ ಕೊಡಲು 2023ರಲ್ಲಿ ಸರ್ಕಾರ ಮಾಡಿದ್ದ ಆದೇಶಕ್ಕೆ 2024ರ ನವೆಂಬರ್‌ನಲ್ಲಿ ಹೈಕೋರ್ಟ್ ತಡೆ ನೀಡಿತು. ಹಾಗಾಗಿ 1976ರ ರಾಜ್ಯ ವಿವಾಹ ನೋಂದಣಿ ಕಾಯ್ದೆಯಡಿ ಸಬ್ ರಿಜಿಸ್ಟ್ರಾರ್ ಕಚೇರಿಯ ದಾರಿಯನ್ನು ಮೊದಲೇ ವಿಚಾರಿಸಿಕೊಳ್ಳಿ. ಅಲ್ಲಿ ಜೋಡಿಯ ಫೋಟೋ, ಮದುವೆ ಕಾಗದ, ಮಸೀದಿಯ ನಿಕಾಹ್ ದಾಖಲೆ ಕೇಳುತ್ತಾರೆ. ಪಾಸ್‌ಪೋರ್ಟ್‌ನಲ್ಲಿ ಗಂಡನ ಅಥವಾ ಹೆಂಡತಿಯ ಹೆಸರು ಸೇರಿಸುವಾಗ ಮದುವೆ ಪ್ರಮಾಣಪತ್ರ ಇಲ್ಲದಿದ್ದರೆ ಇಬ್ಬರೂ ಒಟ್ಟಿಗಿರುವ ಫೋಟೋ ಅಂಟಿಸಿ ಸಹಿ ಹಾಕಿದ ಘೋಷಣೆಯ ಪತ್ರವನ್ನು ಕೊಡುವ ವ್ಯವಸ್ಥೆ ಬಂದಿದೆ. ಹುಡುಗ ಗಲ್ಫ್‌ನಲ್ಲಿದ್ದು ಹೆಂಡತಿಯನ್ನು ಕರೆಸಿಕೊಳ್ಳಬೇಕಾದರೆ ಈ ಕಾಗದಗಳು ಬೇಕೇ ಬೇಕು. ಅವನ ರಜೆ ಮುಗಿಯುವ ವಾರ ಓಡಾಡಿ ಪ್ರಯೋಜನ ಇಲ್ಲ.

ಜಮಾಅತ್‌ಗಳಿಗೂ ಒಂದು ಸಲಹೆ. ನಿಕಾಹ್‌ಗೆ ಹೆಸರು ಕೊಡಲು ಮನೆಯವರು ಬಂದಾಗ ಮೇಲೆ ಹೇಳಿದ ಕರಾರಿನ ಒಂದು ಮಾದರಿ ಹಾಳೆಯನ್ನು ಕೈಗೆ ಕೊಡಿ. ಖರ್ಚು ಒಂದು ಜೆರಾಕ್ಸ್‌ನದ್ದು. ಇನ್ನೊಂದು, ನಮ್ಮ ಹೆಣ್ಣುಮಕ್ಕಳಲ್ಲಿ ಆಸಕ್ತಿ ಇರುವ ಇಬ್ಬರು ಮೂವರಿಗೆ ಈ ಕೆಲಸ ಕಲಿಯಲು ನೆರವಾಗಿ. ಟೈಲರಿಂಗ್ ಕಲಿಸುವ ಹಾಗೆ ಇದನ್ನೂ ಕಲಿಸಬಹುದು. ಹೆಂಗಸರ ಕಡೆ ಹೆಂಗಸರೇ ಬೇಕು ಎಂದು ಬರೀ ಹೇಳಿದರೆ ಆಗಲಿಲ್ಲ, ಅವರನ್ನು ತಯಾರು ಮಾಡುವವರೂ ನಾವೇ ಆಗಬೇಕು. ಅವರಿಗೊಂದು ದುಡಿಮೆ, ನಮಗೊಂದು ನೆಮ್ಮದಿ.

ಪಾಂಡವಪುರದ ಆ ತಂದೆಯ ಜೊತೆ ಮರುದಿನ ನಾವು ನಾಲ್ಕು ಜನ ಸ್ಟುಡಿಯೋಗೆ ಹೋದೆವು. ಗಲಾಟೆ ಮಾಡಲಿಲ್ಲ. ಕಾಯ್ದೆಯ ಮಾತು ಹೇಳಿದೆವು, ಅವನಿಗೂ ತಂಗಿ ಇದ್ದಾಳೆ ಎಂಬ ಮಾತೂ ಬಂತು. ನಮ್ಮ ಮುಂದೆಯೇ ವಿಡಿಯೋ ತೆಗೆದ. "ತಪ್ಪಾಯ್ತು 사ಬ್ರೇ" ಎಂದ. ಆದರೆ ಅಷ್ಟರಲ್ಲಿ ಅದು ಯಾರ ಯಾರ ಫೋನಿಗೆ ಹೋಗಿತ್ತೋ, ಅದನ್ನು ವಾಪಸ್ ಕರೆಯಲು ಯಾರಿಂದಲೂ ಆಗಲಿಲ್ಲ. ಅವರ ಎರಡನೇ ಮಗಳ ನಿಶ್ಚಯ ಈಗ ಆಗಿದೆ. ಹೋದ ಶುಕ್ರವಾರ ಜುಮಾ ಮುಗಿಸಿ ಬಂದು ಜೇಬಿನಿಂದ ಮಡಚಿದ ಹಾಳೆ ತೆಗೆದು ತೋರಿಸಿದರು. ಮಗಳೇ ಕೂತು ಬರೆದದ್ದು, ಕೊನೆಯಲ್ಲಿ ಫೋಟೋದವರ ಸಹಿ. ಹಾಲ್ ಇನ್ನೂ ಬುಕ್ ಆಗಿಲ್ಲವಂತೆ.

ಫೋಟೋ ಒಂದು ಅಮಾನತ್. ಬೇರೊಬ್ಬರ ಮುಖವನ್ನು ನಮ್ಮ ಕೈಯಲ್ಲಿ ಇಟ್ಟುಕೊಂಡ ಹಾಗೆ. ಅಮಾನತ್ ಯಾರ ಕೈಗೆ ಕೊಡುತ್ತೇವೆ, ಯಾವ ಷರತ್ತಿನ ಮೇಲೆ ಕೊಡುತ್ತೇವೆ ಎಂದು ಕೊಡುವ ಮೊದಲೇ ನೋಡಿಕೊಳ್ಳಬೇಕು. ಮನೆಯಲ್ಲಿ ಮದುವೆ ಇರುವ ಎಲ್ಲ ಬಂಧುಗಳ ಕಾರ್ಯವನ್ನು ಅಲ್ಲಾಹನು ಸುಗಮವಾಗಿ ನೆರವೇರಿಸಲಿ, ಹೊಸ ಜೋಡಿಗಳಿಗೆ ಬರ್ಕತ್ ನೀಡಲಿ. ಆಮೀನ್.